ಕಡಲಿಗೆ ಹೊರಟವರು ಹೊಳೆಯ ದಡಕ್ಕೆ

ಸಂಘದ ಪ್ರವಾಸವೆಂದರೆ ಗೋಕರ್ಣ, ಇಡಗುಂಜಿ, ಮುರ್ಡೇಶ್ವರ, ಸಂಜೆಗೆ ಅಪ್ಸರಕೊಂಡದ ಬಂಡೆಯ ಮೇಲೆ ಅವಲಕ್ಕಿ. 2025ರ ಫೆಬ್ರವರಿಯಲ್ಲೂ ಸದಸ್ಯರು ಹೆಸರು ಬರೆಸಿದ್ದು ಅದಕ್ಕೇ. ಆದರೆ ಸಭೆಯಲ್ಲಿ ಹಿರಿಯರೊಬ್ಬರು ಎದ್ದು, "ಕಡಲು ಮೂರು ಸಲ ನೋಡಿಯಾಯಿತು. ನಮ್ಮ ಮನೆಯ ಮುಂದಿನ ಹಳ್ಳ ಆ ಕಡಲಿಗೆ ಹೋಗುವುದಿಲ್ಲವಲ್ಲ, ಅದು ಹೋಗುವುದೆಲ್ಲಿಗೆ, ಯಾರಾದರೂ ನೋಡಿದ್ದೀರಾ?" ಎಂದರು. ಯಾರೂ ನೋಡಿರಲಿಲ್ಲ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆ ಎರಡೂ ಕಡಲಿಗೆ ಬೆನ್ನು ಹಾಕಿ ಮೂಡಲಿಗೆ ಹರಿದು ಕೂಡಲಿಯಲ್ಲಿ ಒಂದಾಗುತ್ತವೆ ಎಂಬುದು ಶಾಲೆಯಲ್ಲಿ ಓದಿದ ಪಾಠ, ಅಷ್ಟೆ. ಅರೇಬಿಕಾ ಕೊಯ್ಲು ಮುಗಿದಿತ್ತು, ಹೂಮಳೆಗೆ ಇನ್ನೂ ದಿನವಿತ್ತು. ರಾತ್ರಿ ಬಸ್ಸು ಹತ್ತಿ ಕೊಪ್ಪಳ ಜಿಲ್ಲೆಗೆ ಹೊರಟೆವು.

ಬೆಳಗಿನ ಜಾವಕ್ಕೆ ಹುಲಿಗಿ. ಹುಲಿಗೆಮ್ಮ ದೇವಿಯ ಸನ್ನಿಧಿಯಲ್ಲಿ ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಂದು ಕಾಲಿಡಲು ಜಾಗವಿರುವುದಿಲ್ಲವಂತೆ. ನಾವು ಹೋದದ್ದು ಗುರುವಾರ, ನಿರಾತಂಕವಾಗಿ ಹೊಳೆಯಲ್ಲಿ ಮಿಂದು ದರ್ಶನ ಪಡೆದೆವು. ಅಲ್ಲಿಂದ ಮುನಿರಾಬಾದಿನ ಕಡೆಯಿಂದ ತುಂಗಭದ್ರಾ ಅಣೆಕಟ್ಟು. 33 ಗೇಟುಗಳನ್ನು ಎಣಿಸುತ್ತಾ 19ನೆಯದರ ಬಳಿ ಎಲ್ಲರೂ ನಿಂತುಬಿಟ್ಟೆವು. 2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ ಕೊಚ್ಚಿಹೋದ ಗೇಟು ಇದೇ. ತುಂಬಿದ ಜಲಾಶಯದ ನೀರು ದಿನಗಟ್ಟಲೆ ಹರಿದುಹೋಯಿತು. ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆ ಇಳಿಸಿದ ಕೆಲಸಗಾರರ ಧೈರ್ಯ ದೊಡ್ಡದು.

ಅಂಜನಾದ್ರಿಯ 575 ಮೆಟ್ಟಿಲುಗಳ ವಿಷಯ ಹೆಚ್ಚು ಬರೆಯುವುದಿಲ್ಲ, ನಮ್ಮಲ್ಲಿ ಅರ್ಧ ಜನ ಇನ್ನೂರರಲ್ಲೇ ನೆರಳು ಹುಡುಕಿ ಕುಳಿತರು. ಮೇಲಕ್ಕೆ ಹೋದವರಿಗೆ ಆಂಜನೇಯನ ದರ್ಶನದ ಜೊತೆಗೆ ಇನ್ನೊಂದು ದರ್ಶನವೂ ಆಯಿತು. ಒಂದರ ಮೇಲೊಂದು ಪೇರಿಸಿಟ್ಟಂಥ ಬೋಳು ಬಂಡೆಗಳು, ನಡುವೆ ಬೆಳ್ಳಗೆ ಹೊಳೆ, ಅದರ ಮಗ್ಗುಲಿಗೆ ಕಣ್ಣು ಹಾಯುವಷ್ಟೂ ಭತ್ತದ ಹಸಿರು. ವಿಜಯನಗರದ ಕಾಲದಲ್ಲಿ ತೋಡಿದ ಕಾಲುವೆಗಳು ಇಂದಿಗೂ ಆ ಗದ್ದೆಗಳಿಗೆ ನೀರುಣಿಸುತ್ತಿವೆ. ನಮ್ಮ ಮನೆಗಳಲ್ಲಿ ಬೇಯುವ ಗಂಗಾವತಿ ಅಕ್ಕಿ ಇದೇ.

ಪಂಪಾ ಸರೋವರದ ಬಳಿ ಬುತ್ತಿ ಬಿಚ್ಚಿದಾಗ ಗದ್ದೆಯ ರೈತರೊಬ್ಬರು ಬಂದು ಕುಳಿತರು. ಗೇಟು ಹೋದ ರಾತ್ರಿ ಊರೇ ಮಲಗಲಿಲ್ಲವಂತೆ. ನಾಟಿಯಾದ ಭತ್ತಕ್ಕೆ ಮುಂದೆ ನೀರು ಸಿಗುತ್ತದೋ ಇಲ್ಲವೋ ಎಂಬ ಭಯ. ನಾವು ಮಲೆನಾಡಿನವರೆಂದು ತಿಳಿದೊಡನೆ ಅವರು ಕೇಳಿದ್ದು ಮಳೆಯನ್ನಲ್ಲ. "ನಿಮ್ಮ ಕಡೆಯ ಮಣ್ಣು ಯಾಕ್ರೀ ಇಷ್ಟು ಬರ್ತದ?" ಎಂದರು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಆ ಮಣ್ಣೆಲ್ಲ ನಮ್ಮದಲ್ಲ. ಬಯಲಿನ ಹೊಲಗಳದ್ದೂ ಇದೆ, ಗಣಿಗಳದ್ದೂ ಇದೆ. ಹಾಗೆಂದು ಹೇಳಬಹುದಿತ್ತು. ಆದರೆ ನೆರಳುಮರ ತೆಗೆದ ಇಳಿಜಾರಿನಲ್ಲಿ ಜುಲೈ ತಿಂಗಳ ನೀರು ಯಾವ ಬಣ್ಣದಲ್ಲಿ ಇಳಿಯುತ್ತದೆಂದು ನಮಗೆ ಗೊತ್ತು. ಕೆಲವು ವರ್ಷಗಳ ಹಿಂದಿನವರೆಗೂ ನಮ್ಮಲ್ಲೇ ಪಲ್ಪರಿನ ನೀರನ್ನು ನೇರ ಹಳ್ಳಕ್ಕೆ ಬಿಡುತ್ತಿದ್ದುದುಂಟು. ಯಾರೂ ಮಾತಾಡಲಿಲ್ಲ. ಅವರೇ ಬೇಸರಿಸದೆ ನಮ್ಮ ಚಿತ್ರಾನ್ನ ತಿಂದು, ಮೊಸರು ತರಿಸಿಕೊಟ್ಟರು.

ಆನೆಗೊಂದಿಯಲ್ಲಿ ದೋಣಿ ಹತ್ತಿ ನವವೃಂದಾವನದ ನಡುಗಡ್ಡೆಗೆ ಹೋಗಿ ವ್ಯಾಸರಾಜರೂ ಸೇರಿ ಒಂಬತ್ತು ಯತಿಗಳ ವೃಂದಾವನಗಳಿಗೆ ನಮಸ್ಕರಿಸಿದೆವು. ಊರಿನ ಹೆಂಗಸರು ಬಾಳೆಯ ನಾರಿನಿಂದ ಚಾಪೆ, ಚೀಲ ಹೆಣೆಯುವುದನ್ನು ನೋಡಿ ನಮ್ಮ ಮನೆಯವರು ಗಂಟೆ ಹೊತ್ತು ಅಲ್ಲಿಂದ ಕದಲಲಿಲ್ಲ. ಅಡಿಕೆ ತೋಟದಲ್ಲಿ ಗೊನೆ ಕಡಿದು ದಿಂಡನ್ನು ಕೊಳೆಯಲು ಬಿಡುವ ನಮಗೆ ಅದು ಯೋಚಿಸಬೇಕಾದ ವಿಷಯವೇ. ಸಾಣಾಪುರದ ಕೆರೆಯಲ್ಲಿ ಹರಿಗೋಲು ಏರಿದೆವು. ಅಂಬಿಗ ಅದನ್ನು ಗಿರಗಿರನೆ ತಿರುಗಿಸಿದಾಗ ಖಜಾಂಚಿಗಳ ಕನ್ನಡಕ ನೀರುಪಾಲಾಯಿತು.

ಇಟಗಿ ಸೇರುವಾಗ ಬಿಸಿಲು ಇಳಿದಿತ್ತು. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದು ಈಗ ಕುಕನೂರು ತಾಲ್ಲೂಕಿನಲ್ಲಿರುವ ಊರು. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿರುವುದು ಹೊಗಳಿಕೆಯಲ್ಲ. ಕಂಬಗಳ ಸುತ್ತ ಕೈಯಾಡಿಸಿದರೆ ಕಡೆದ ಗೆರೆ ಇಂದಿಗೂ ನುಣುಪು.

ಹಿಂತಿರುಗುವಾಗ ಬಸ್ಸಿನಲ್ಲಿ ಹಾಡು ನಡೆಯಲಿಲ್ಲ. ಆ ವರ್ಷದ ಮಳೆಗಾಲದಲ್ಲಿ ಗೇಟುಗಳ ಸ್ಥಿತಿಯಿಂದಾಗಿ ಜಲಾಶಯದ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದ ಸುದ್ದಿ ಓದಿದಾಗ ಮೊಸರು ಕೊಟ್ಟ ಆ ರೈತರ ನೆನಪಾಯಿತು. ಸಂಘದ ಹನ್ನೊಂದು ಮಂದಿ ಸದಸ್ಯರು ತೋಟದಲ್ಲಿ ಸಾಲುಗಳ ನಡುವೆ ಹೊಸದಾಗಿ ತೊಟ್ಟಿಲು ಗುಂಡಿ ತೆಗೆಸಿದ್ದಾರೆ. ಅಳತೆ ಬೇಕಾದವರು ಕಚೇರಿಗೆ ಬಂದು ಕೇಳಬಹುದು.