ನಕ್ಷೆಯ ಮೇಲಿನ ಚುಕ್ಕಿ

ಅಂಧೇರಿಯಿಂದ ಮೆಟ್ರೋದಲ್ಲಿ ಘಾಟ್ಕೋಪರ್, ಅಲ್ಲಿಂದ ಲೋಕಲ್‌ನಲ್ಲಿ ಭಾಂಡುಪ್. ಚಳಿಗಾಲದ ಭಾನುವಾರ ನಿದ್ದೆ ಬಿಟ್ಟು ಠಾಣೆ ಕ್ರೀಕ್‌ನ ಫ್ಲೆಮಿಂಗೊ ನೋಡಲು ಹೋಗುತ್ತೇನೆ.

2022ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಇಲ್ಲಿನ ಆರು ಫ್ಲೆಮಿಂಗೊಗಳಿಗೆ ಟ್ಯಾಗ್ ಕಟ್ಟಿದರು. ಒಂದಕ್ಕೆ ಪಕ್ಷಿತಜ್ಞ ಹುಮಾಯೂನ್ ಅಬ್ದುಲಾಲಿಯವರ ಹೆಸರು. ಮುಂದೆ ಆ ಹುಮಾಯೂನ್ ಗುಜರಾತಿನ ಭಾವನಗರದ ಕಡೆ ಹಾರಿದ್ದು ನಕ್ಷೆಯಲ್ಲಿ ಕಂಡಿತು.

ಉಪಗ್ರಹವೇ ಹಕ್ಕಿಯನ್ನು ನೋಡುತ್ತಿರುತ್ತದೆ ಎಂದುಕೊಂಡಿದ್ದೆ (ಎಂಟೆಕ್ ಮಾಡಿಯೂ!). ಹಾಗಲ್ಲ. ಉಪಗ್ರಹಗಳ ಸಂಕೇತದಿಂದ ಟ್ಯಾಗ್ ತಾನೆಲ್ಲಿದ್ದೇನೆಂದು ಲೆಕ್ಕ ಹಾಕುತ್ತದೆ, ಅಷ್ಟೇ. ಸುದ್ದಿ ಕಳಿಸಲು ಮೊಬೈಲ್ ಟವರ್ ಬೇಕು, ಬ್ಯಾಟರಿಗೆ ಬಿಸಿಲು ಬೇಕು. ನೆಟ್‌ವರ್ಕ್ ಇಲ್ಲದಿದ್ದರೆ ಎಲ್ಲ ಒಳಗೇ ಇಟ್ಟುಕೊಂಡು, ಸಿಕ್ಕಾಗ ಒಟ್ಟಿಗೆ ಕಳಿಸುತ್ತದೆ. ಅಲ್ಲಿಯವರೆಗೆ ನಕ್ಷೆಯಲ್ಲಿ ಹಳೇ ಚುಕ್ಕಿ. ಹಕ್ಕಿ ಸತ್ತಿದೆಯೋ, ಟ್ಯಾಗ್ ಕೆಟ್ಟಿದೆಯೋ ಹೇಳಲಾಗದು.

ಇದನ್ನೆಲ್ಲ ಧಾರವಾಡದಲ್ಲಿರುವ ಅವ್ವನಿಗೆ ವಿವರಿಸಿದೆ. ಹಿಂದಿನ ವಾರ ರಿಲೀಸ್ ಗಡಿಬಿಡಿಯಲ್ಲಿ ನಾಲ್ಕು ದಿನ ಫೋನೇ ಮಾಡಿರಲಿಲ್ಲ.

"ನಿನಗೂ ಒಂದ್ ಕಟ್ಟಬೇಕಿತ್ತು ನೋಡಪಾ" ಅಂದಳು.

ವಾಟ್ಸ್ಆ್ಯಪ್‌ನಲ್ಲಿ ಲೈವ್ ಲೊಕೇಶನ್ ಕಳಿಸಿದೆ. ಎಂಟು ತಾಸಿಗೆ ಅದು ತಾನೇ ನಿಲ್ಲುತ್ತದೆ ಎಂದು ಹೇಳಲು ಮರೆತೆ. ರಾತ್ರಿ ಫೋನ್ ಬಂತು.

"ಚುಕ್ಕಿ ಹೋತಲ್ಲೋ. ಉಂಡೇನಪಾ?"