ಕೈಚೀಲ ಮರಳಿ ಬರಲಿ: ಪರಿಸರದ ಲೆಕ್ಕ, ವ್ಯಾಪಾರದ ಲೆಕ್ಕ

ಮೂರು-ನಾಲ್ಕು ದಶಕಗಳ ಹಿಂದೆ ಪೇಟೆಗೆ ಹೊರಟವರ ಕೈಯಲ್ಲಿ ಚೀಲವೊಂದು ಇದ್ದೇ ಇರುತ್ತಿತ್ತು. ಅಕ್ಕಿ, ಬೇಳೆ, ತರಕಾರಿಗೆ ಬಟ್ಟೆಯ ಚೀಲ, ಎಣ್ಣೆಗೆ ಡಬ್ಬಿ, ಸಾಸಿವೆ, ಜೀರಿಗೆಗೆ ಹಳೆಯ ಪತ್ರಿಕೆಯ ಪೊಟ್ಟಣ, ಹೂವಿಗೆ ಬಾಳೆ ಎಲೆ. ಸಾಮಾನು ತೂಗಿ ಕೊಡುವುದು ಅಂಗಡಿಯವರ ಕೆಲಸ, ಒಯ್ಯಲು ಚೀಲ ತರುವುದು ಗ್ರಾಹಕರ ಹೊಣೆ ಎಂಬ ಅಲಿಖಿತ ಒಪ್ಪಂದ ಎರಡೂ ಕಡೆಯವರ ನಡುವೆ ಇತ್ತು. ತೆಳು ಪಾಲಿಥೀನ್ ಚೀಲ ಬಂದ ಮೇಲೆ ಆ ಒಪ್ಪಂದ ಮುರಿಯಿತು. ಚೀಲ ಕೊಡುವುದು ಅಂಗಡಿಯವರ ಕರ್ತವ್ಯ, ಅದೂ ಪುಕ್ಕಟೆಯಾಗಿ ಎಂಬ ಭಾವನೆ ಬೇರೂರಿತು. ವಾಸ್ತವದಲ್ಲಿ ಅದರ ಬೆಲೆ ವರ್ತಕರ ಲಾಭದಿಂದಲೇ ಹೋಗುತ್ತಿತ್ತು. ಉಳಿದ ಬೆಲೆಯನ್ನು ಕಟ್ಟಿಕೊಂಡ ಚರಂಡಿಗಳೂ ಕಸದ ರಾಶಿಯಲ್ಲಿ ಮೇಯುವ ದನಗಳೂ ತೆತ್ತವು.

ಕಾನೂನು ಹೇಳುವುದೇನು?

ಕರ್ನಾಟಕ ಸರ್ಕಾರವು 2016ರ ಮಾರ್ಚ್ ತಿಂಗಳಲ್ಲಿ ಪರಿಸರ ಸಂರಕ್ಷಣಾ ಕಾಯ್ದೆಯಡಿ ಅಧಿಸೂಚನೆ ಹೊರಡಿಸಿ, ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ ಮುಂತಾದವುಗಳ ತಯಾರಿಕೆ, ಸರಬರಾಜು, ಮಾರಾಟ ಮತ್ತು ಬಳಕೆಯನ್ನು ನಿಷೇಧಿಸಿತು. ಹಾಲಿನ ಪೊಟ್ಟಣ, ಸಸಿಗಳ ಚೀಲ, ಕಾರ್ಖಾನೆಯಲ್ಲಿಯೇ ಮುಚ್ಚಿ ಬರುವ ಪೊಟ್ಟಣಗಳಿಗೆ ವಿನಾಯಿತಿ ದೊರೆಯಿತು.

ಕೇಂದ್ರದ ನಿಯಮಗಳ ದಾರಿ ಬೇರೆ. ಅವು ಚೀಲದ ಕನಿಷ್ಠ ದಪ್ಪವನ್ನು 2016ರಲ್ಲಿ 50 ಮೈಕ್ರಾನ್, 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನ್, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ಎಂದು ಏರಿಸುತ್ತ ಬಂದವು. ಈ ಎರಡನ್ನೂ ಬೆರೆಸಿಕೊಂಡು, ದಪ್ಪ ಚೀಲವಾದರೆ ಎಲ್ಲೆಡೆಯೂ ಅಡ್ಡಿಯಿಲ್ಲವೆಂದು ನಂಬಿ ಸರಕು ತರಿಸುವ ವರ್ತಕರಿದ್ದಾರೆ. ರಾಜ್ಯದ ಅಧಿಸೂಚನೆಯಲ್ಲಿ ಅಂತಹ ದಪ್ಪದ ರಿಯಾಯಿತಿ ಇಲ್ಲವೆಂಬುದನ್ನು ಅವರು ಗಮನಿಸಬೇಕು.

ಎಷ್ಟು ಬಾರಿ ಬಳಕೆ?

ದಪ್ಪ ಹೆಚ್ಚಿಸಿದ ಮಾತ್ರಕ್ಕೆ ಪರಿಸರಕ್ಕೆ ಲಾಭವಾಗದು. ಒಂದೇ ಅಳತೆಯ 50 ಮೈಕ್ರಾನ್ ಚೀಲಕ್ಕಿಂತ 120 ಮೈಕ್ರಾನ್ ಚೀಲದಲ್ಲಿ 2.4 ಪಟ್ಟು ಪ್ಲಾಸ್ಟಿಕ್ ಇರುತ್ತದೆ. ಅದನ್ನೂ ಒಮ್ಮೆ ಬಳಸಿ ಎಸೆದರೆ ಕಸದ ತೂಕ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಬಟ್ಟೆಯಂತೆ ಕಾಣುವ ನಾನ್-ವೊವನ್ ಚೀಲಗಳೂ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನಿಂದಲೇ ಆದವು.

ಹತ್ತಿಯ ಚೀಲಕ್ಕೂ ಲೆಕ್ಕವುಂಟು. ಇಂಗ್ಲೆಂಡಿನ ಪರಿಸರ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಮ್ಮೆ ಬಳಸಿ ಎಸೆಯುವ ತೆಳು ಚೀಲಕ್ಕಿಂತ ಭೂತಾಪಮಾನದ ಮೇಲಿನ ಪರಿಣಾಮ ಕಡಿಮೆಯಾಗಬೇಕಾದರೆ ಕಾಗದದ ಚೀಲವನ್ನು 3 ಬಾರಿ, ನಾನ್-ವೊವನ್ ಚೀಲವನ್ನು 11 ಬಾರಿ, ಹತ್ತಿಯ ಚೀಲವನ್ನು 131 ಬಾರಿ ಬಳಸಬೇಕು. ಚರಂಡಿ ಕಟ್ಟುವ, ದನದ ಹೊಟ್ಟೆ ಸೇರುವ ಹಾನಿ ಈ ಅಂಕಿಗಳಲ್ಲಿ ಸೇರಿಲ್ಲ. ಅದನ್ನು ಸೇರಿಸಿದರೆ ಬಟ್ಟೆಯ ಪಕ್ಷ ಬಲವಾಗುತ್ತದೆ. ಆದರೂ ಅಂಕಿಗಳು ಕಲಿಸುವ ಪಾಠ ಸ್ಪಷ್ಟ. ಚೀಲ ಯಾವುದರಿಂದ ಆಗಿದೆ ಎಂಬುದಷ್ಟೇ ಅಲ್ಲ, ಅದು ಎಷ್ಟು ಬಾರಿ ಪೇಟೆಗೆ ಮರಳಿ ಬರುತ್ತದೆ ಎಂಬುದೂ ಮುಖ್ಯ. ವಾರಕ್ಕೊಮ್ಮೆ ಸಂತೆಗೆ ಒಯ್ದರೆ 131 ಬಳಕೆಗೆ ಎರಡೂವರೆ ವರ್ಷ ಬೇಕು. ಮದುವೆ, ಗೃಹಪ್ರವೇಶ, ಮಳಿಗೆಯ ವಾರ್ಷಿಕೋತ್ಸವಗಳಲ್ಲಿ ಹಂಚಿದ ಹತ್ತಾರು ಚೀಲಗಳು ಮನೆಯ ಅಟ್ಟ ಸೇರಿದರೆ ಪ್ರಯೋಜನವಿಲ್ಲ.

ಒಬ್ಬರೇ ನಿಲ್ಲಿಸಿದರೆ?

ವರ್ತಕರ ನಿಜವಾದ ಸಂಕಟ ಇಲ್ಲಿದೆ. ಒಂದು ಅಂಗಡಿಯವರು ಪ್ರಾಮಾಣಿಕವಾಗಿ ಪ್ಲಾಸ್ಟಿಕ್ ಚೀಲ ನಿಲ್ಲಿಸಿದರೆ, ಪಕ್ಕದವರು ಗಲ್ಲೆಯ ಕೆಳಗಿನಿಂದ ತೆಗೆದು ಕೊಡುತ್ತಾರೆ. ಗ್ರಾಹಕರು ಆ ಕಡೆ ತಿರುಗುತ್ತಾರೆ. ಕಾನೂನನ್ನು ಪಾಲಿಸಿದವರಿಗೇ ನಷ್ಟವಾಗುವ ಸ್ಥಿತಿ ಇರುವವರೆಗೆ ಬದಲಾವಣೆ ಗಟ್ಟಿಯಾಗದು.

ಐರ್ಲೆಂಡ್ ಈ ಗಂಟನ್ನು ಬಿಡಿಸಿದ ಬಗೆ ಅಧ್ಯಯನಕ್ಕೆ ಯೋಗ್ಯ. ಅಲ್ಲಿ 2002ರ ಮಾರ್ಚ್‌ನಿಂದ ಪ್ರತಿ ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟ್ ಸುಂಕವನ್ನು ದೇಶದಾದ್ಯಂತ ಏಕಕಾಲಕ್ಕೆ ವಿಧಿಸಲಾಯಿತು. ಎಲ್ಲರಿಗೂ ಒಂದೇ ನಿಯಮವಾದುದರಿಂದ ಚೀಲದ ಕಾರಣಕ್ಕೆ ಗ್ರಾಹಕರು ಅಂಗಡಿ ಬದಲಿಸುವ ಪ್ರಶ್ನೆ ಉಳಿಯಲಿಲ್ಲ. ತಲಾ ವಾರ್ಷಿಕ ಬಳಕೆ 328 ಚೀಲಗಳಿಂದ 21ಕ್ಕೆ ಇಳಿಯಿತು. ಕಾಲಕ್ರಮದಲ್ಲಿ ಬಳಕೆ ಮತ್ತೆ ತುಸು ಏರಿದಾಗ 2007ರಲ್ಲಿ ಸುಂಕವನ್ನು 22 ಸೆಂಟ್‌ಗೆ ಹೆಚ್ಚಿಸಲಾಯಿತು. ಸಮಾನ ನಿಯಮ, ಕಣ್ಣಿಗೆ ಕಾಣುವ ಬೆಲೆ, ಆಗಾಗ ಪುನರ್ವಿಮರ್ಶೆ: ಈ ಮೂರೂ ಕೂಡಿದಾಗ ಅಭ್ಯಾಸ ಬದಲಾಯಿತು. ಸುಂಕ ವಿಧಿಸುವ ಅಧಿಕಾರ ವರ್ತಕರ ಸಂಘಗಳಿಗಿಲ್ಲ. ಆದರೆ ಒಂದು ಬೀದಿಯ, ಒಂದು ಮಾರುಕಟ್ಟೆಯ ಅಂಗಡಿಗಳೆಲ್ಲ ಒಂದೇ ದಿನದಿಂದ ಪ್ಲಾಸ್ಟಿಕ್ ಚೀಲ ನಿಲ್ಲಿಸುವ ನಿರ್ಣಯ ಕೈಗೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಬಟ್ಟೆಯ ಚೀಲಕ್ಕೆ ಬೆಲೆ ಪಡೆಯುವಾಗ ಒಂದು ಎಚ್ಚರ ಅಗತ್ಯ. ರಾಷ್ಟ್ರೀಯ ಗ್ರಾಹಕ ಆಯೋಗವು 2020ರ ಡಿಸೆಂಬರ್‌ನಲ್ಲಿ ನೀಡಿದ ತೀರ್ಪಿನಂತೆ, ಚೀಲಕ್ಕೆ ಬೆಲೆಯುಂಟೆಂಬುದನ್ನು ಗ್ರಾಹಕರು ಖರೀದಿ ಆರಂಭಿಸುವ ಮೊದಲೇ ತಿಳಿಸಬೇಕು; ಹಣ ಪಾವತಿಸುವ ಹೊತ್ತಿನಲ್ಲಿ ಹೇರಿದರೆ ಅದು ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ಆದುದರಿಂದ ಬಾಗಿಲಲ್ಲಿಯೇ ದರಫಲಕ ತೂಗುಹಾಕುವುದು, ಮನೆಯಿಂದ ತಂದ ಚೀಲಕ್ಕೆ ಒಳಗೆ ಅವಕಾಶ ಕೊಡುವುದು ಕ್ಷೇಮ. ಮುಂಗಡ ಪಡೆದು ಚೀಲ ಕೊಟ್ಟು, ಮರಳಿಸಿದಾಗ ಹಣ ಹಿಂದಿರುಗಿಸುವ ಪದ್ಧತಿಯೂ ಸೂಕ್ತ. ಸೋಡಾ ಬಾಟಲಿಗೆ ಈ ರೂಢಿ ಹಿಂದಿನಿಂದಲೂ ಇತ್ತು.

ಸಣ್ಣ ಕೈಗಾರಿಕೆಗಳಿಗೆ ಅವಕಾಶ

ನೂರು ಬಾರಿ ಬಾಳುವ ಚೀಲಕ್ಕೆ ಹಿಡಿಯಲ್ಲಿ ಎರಡೆಳೆ ಹೊಲಿಗೆ, ಒಗೆದರೂ ಬಣ್ಣ ಬಿಡದ ಬಟ್ಟೆ, ಮಡಿಸಿ ಜೇಬಿನಲ್ಲಿಡಬಹುದಾದ ಅಳತೆ ಬೇಕು. 20 ರೂಪಾಯಿಯ ಚೀಲ 100 ಬಾರಿ ಬಾಳಿದರೆ ಒಂದು ಬಳಕೆಗೆ ಬೀಳುವುದು 20 ಪೈಸೆ ಮಾತ್ರ. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿಯೂ ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿಯೂ ಉಳಿಯುವ ತುಂಡುಬಟ್ಟೆ ಇದಕ್ಕೆ ಒಳ್ಳೆಯ ಕಚ್ಚಾ ವಸ್ತು. ಹೊಸದಾಗಿ ಹತ್ತಿ ಬೆಳೆದು, ನೂತು, ನೇಯುವ ಹೊರೆ ಇಲ್ಲದಿರುವುದರಿಂದ ಇಂತಹ ಚೀಲದ ಪರಿಸರ ಲೆಕ್ಕವೂ ಹಗುರಾಗುತ್ತದೆ.

ತಯಾರಕರು ಹಣೆಪಟ್ಟಿಯ ಮಾತಿನಲ್ಲಿಯೂ ಮಿತಿ ಇಟ್ಟುಕೊಳ್ಳಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳ ಪ್ರಕಾರ, ‘ಪರಿಸರಸ್ನೇಹಿ’ ಎಂಬಂತಹ ಸಾಮಾನ್ಯ ಘೋಷಣೆಗಳಿಗೆ ವಿವರಣೆಯೂ ಆಧಾರವೂ ಬೇಕು. ‘ತುಂಡುಬಟ್ಟೆಯಿಂದ ಹೊಲಿದದ್ದು, ಒಗೆದು ಮತ್ತೆ ಬಳಸಬಹುದು’ ಎಂಬ ಸರಳ ಸತ್ಯ ದೊಡ್ಡ ಘೋಷಣೆಗಿಂತ ಹೆಚ್ಚು ವಿಶ್ವಾಸ ಗಳಿಸುತ್ತದೆ.

ಗೃಹಿಣಿಯರ, ಗ್ರಾಹಕರ ಅಭ್ಯಾಸ ಬದಲಾಗಲಿ ಎಂದು ಬೋಧಿಸುವುದು ಸುಲಭ. ಆದರೆ ಪುಕ್ಕಟೆ ಚೀಲದ ಅಭ್ಯಾಸ ಹುಟ್ಟಿದ್ದು ಅಂಗಡಿಯ ಗಲ್ಲೆಯ ಮುಂದೆ. ಅದನ್ನು ಬಿಡಿಸುವ ಶಕ್ತಿಯೂ ಅಲ್ಲಿಯೇ ಇದೆ. ‘ಚೀಲ ತಂದಿದ್ದೀರಾ?’ ಎಂದು ಮಾರುಕಟ್ಟೆಯ ಎಲ್ಲ ವರ್ತಕರೂ ಒಂದೇ ದಿನದಿಂದ ವಿನಯವಾಗಿ ಕೇಳತೊಡಗಿದರೆ, ಹಳೆಯ ಒಪ್ಪಂದ ಮತ್ತೆ ಜಾರಿಗೆ ಬರುವುದರಲ್ಲಿ ಸಂದೇಹವಿಲ್ಲ.