ಆನೆ ಹಾಕಿಕೊಟ್ಟ ದಾರಿ

ಕೊಳ್ಳೇಗಾಲದಿಂದ ಲೊಕ್ಕನಹಳ್ಳಿ ದಾಟಿ ತಮಿಳುನಾಡಿನ ಹಾಸನೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಒಡೆಯರಪಾಳ್ಯ ಸಿಗುತ್ತದೆ. ಊರಿನ ಪಡುವಣಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು, ಮೂಡಣಕ್ಕೆ ಮಲೆ ಮಹದೇಶ್ವರ ಬೆಟ್ಟದ ಕಾಡು, ತೆಂಕಣಕ್ಕೆ ಗಡಿಯಾಚೆಯ ಸತ್ಯಮಂಗಲದ ಕಾಡು. ಈ ಮೂರರ ನಡುವೆ ಡಾಂಬರು ಬರುವುದಕ್ಕೆ ಎಷ್ಟೋ ಕಾಲ ಮುಂಚಿನಿಂದ ಕಾಲುದಾರಿಗಳಿವೆ. ಈ ಕಾಡುಗಳ ಆದಿವಾಸಿಗಳಾದ ಸೋಲಿಗರು ಪೋಡಿನಿಂದ (ಹಾಡಿಯಿಂದ) ಪೋಡಿಗೆ, ಹೆಜ್ಜೇನಿನ ಬಂಡೆಗೆ, ತಮ್ಮ ಕುಲದ ದೇವರ ಕಲ್ಲಿಗೆ ನಡೆದ ದಾರಿಗಳು. ದನ ಅಟ್ಟಿಕೊಂಡು ಹೋದವರ ದಾರಿಗಳು. ಮಾದಪ್ಪನಿಗೆ, ಅಂದರೆ ಮಹದೇಶ್ವರನಿಗೆ, ಹರಕೆ ಹೊತ್ತು, ಶಿವರಾತ್ರಿಗೆ ಕಾವೇರಿ ದಾಟಿ, ಬರಿಗಾಲಲ್ಲಿ ಬೆಟ್ಟ ಹತ್ತುವ ಪರಿಷೆಯವರ ದಾರಿಗಳು. ಇವೆಲ್ಲಕ್ಕೂ ಹಿರಿಯವು ಆನೆಗಳ ದಾರಿಗಳು.

ಬೆಟ್ಟದ ದಾರಿ ಎಂದರೆ ಚಾರಣಿಗರಿಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ತಲುಪಿಸುವ ಗೆರೆ ಅಷ್ಟೇ. ಆದರೆ ಕಾಲುದಾರಿ ಹುಟ್ಟುತ್ತದೆ, ಬೆಳೆಯುತ್ತದೆ, ನಡೆಯುವವರಿಲ್ಲದಿದ್ದರೆ ಸಾಯುತ್ತದೆ. ಅದರ ಹುಟ್ಟುಸಾವಿನಲ್ಲಿ ಭೌತಶಾಸ್ತ್ರವಿದೆ, ಮಣ್ಣಿನ ವಿಜ್ಞಾನವಿದೆ, ಕಾಡಿನ ಚರಿತ್ರೆಯೂ ಇದೆ.

ಮೊದಲು ಹುಟ್ಟಿನ ಮಾತು. ಯಾರೂ ಗುದ್ದಲಿ ಹಿಡಿಯದೆ ದಾರಿ ಆಗುವುದು ಹೇಗೆ? ಜರ್ಮನಿಯ ಡಿರ್ಕ್ ಹೆಲ್ಬಿಂಗ್ ಮತ್ತು ಸಂಗಡಿಗರು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದಕ್ಕೊಂದು ಗಣಿತದ ಮಾದರಿ ಕೊಟ್ಟರು. ಒಬ್ಬರು ನಡೆದಾಗ ಹುಲ್ಲು ಸ್ವಲ್ಪ ಬಾಗುತ್ತದೆ. ಬಾಗಿದ ಹುಲ್ಲಿನ ಮೇಲೆ ನಡೆಯುವುದು ಸುಲಭವಾದ್ದರಿಂದ ಮುಂದಿನವರು ಅಲ್ಲಿಗೇ ವಾಲುತ್ತಾರೆ. ಅವರು ನಡೆದಷ್ಟೂ ಜಾಡು ಇನ್ನಷ್ಟು ಸವೆದು ಎದ್ದು ಕಾಣುತ್ತದೆ. ಇನ್ನೊಂದು ಕಡೆ ಹುಲ್ಲು ಮತ್ತೆ ಚಿಗುರಿ ಜಾಡನ್ನು ಅಳಿಸುತ್ತಲೇ ಇರುತ್ತದೆ. ಸವೆತವೂ ಚಿಗುರೂ ಪೈಪೋಟಿ ನಡೆಸಿ ಉಳಿದದ್ದೇ ದಾರಿ. ಎರಡು ಊರುಗಳಿಗೆ ಹೋಗುವವರು ಸ್ವಲ್ಪ ದೂರ ಜೊತೆಯಾಗಿ ನಡೆದು ಆಮೇಲೆ ಕವಲೊಡೆಯುವುದೂ ಈ ಲೆಕ್ಕದಲ್ಲೇ ಬರುತ್ತದೆ. ಎಲ್ಲರಿಗೂ ಅತಿ ಹತ್ತಿರದ ದಾರಿ ಅದಲ್ಲ, ಎಲ್ಲರೂ ಸ್ವಲ್ಪಸ್ವಲ್ಪ ಬಿಟ್ಟುಕೊಟ್ಟು ಆದ ದಾರಿ.

ಇನ್ನು ಏರಿನ ಲೆಕ್ಕ. ನಾಲ್ಕು ಟನ್ ತೂಗುವ ಆನೆ 100 ಮೀಟರ್ ಎತ್ತರಕ್ಕೆ ಏರಬೇಕಾದರೆ ತನ್ನ ಮೈಯನ್ನು ಎತ್ತಿಕೊಳ್ಳುವುದಕ್ಕೇ ಸುಮಾರು 39 ಲಕ್ಷ ಜೂಲ್, ಅಂದರೆ 900ಕ್ಕೂ ಹೆಚ್ಚು ಕಿಲೋಕ್ಯಾಲರಿಯ ಕೆಲಸ ಮಾಡಬೇಕು. ಸ್ನಾಯುಗಳು ತಾವು ಉರಿಸಿದ ಶಕ್ತಿಯ ಬಹುಪಾಲನ್ನು ಶಾಖವಾಗಿ ಕಳೆಯುವುದರಿಂದ ನಿಜವಾದ ಖರ್ಚು ಅದರ ಹಲವು ಪಟ್ಟು. ಹುಲ್ಲು, ಬಿದಿರು, ತೊಗಟೆ ತಿಂದು ಬದುಕುವ ಪ್ರಾಣಿಗೆ ಇದು ದುಬಾರಿ. ಕೆನ್ಯಾದ ಸಾಂಬೂರು ಪ್ರದೇಶದಲ್ಲಿ ಆನೆಗಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ನೋಡಿದ ವಿಜ್ಞಾನಿಗಳು, ಅವು ಕಡಿದಾದ ಗುಡ್ಡಗಳನ್ನು ಬೇಕೆಂದೇ ಬಳಸಿಕೊಂಡು ಹೋಗುತ್ತವೆ ಎಂದು 2006ರಲ್ಲಿ ತೋರಿಸಿದರು. ನಮ್ಮ ಬೆಟ್ಟಗಳಲ್ಲೂ ಆನೆಯ ಜಾಡು ಹಿಡಿದು ನಡೆದವರಿಗೆ ಇದು ಕಾಲಿಗೇ ತಿಳಿಯುತ್ತದೆ. ಅದು ಕಣಿವೆಯ ತಗ್ಗು ಹುಡುಕುತ್ತದೆ, ಸಾಲು ದಾಟಬೇಕಾದಾಗ ಎರಡು ಗುಡ್ಡಗಳ ನಡುವಿನ ಕೆಳಮಟ್ಟದ ಕಣಿಯಲ್ಲೇ ದಾಟುತ್ತದೆ, ಕೊನೆಗೆ ನೀರಿರುವ ಹಳ್ಳಕ್ಕೆ ತಂದು ಬಿಡುತ್ತದೆ. ಬೆಟ್ಟಸೀಮೆಯಲ್ಲಿ ಮನುಷ್ಯರ ಎಷ್ಟೋ ದಾರಿಗಳು ಆನೆ ಹಾಕಿದ ಜಾಡಿನ ಮೇಲೆಯೇ ಬಿದ್ದಿರುವುದರಲ್ಲಿ ಆಶ್ಚರ್ಯವಿಲ್ಲ.

ಮನುಷ್ಯರ ಮೈಗೂ ಇಂಥದೇ ಮಿತಿಯಿದೆ. 100 ಮೀಟರ್ ಮುಂದಕ್ಕೆ ನಡೆಯುವಷ್ಟರಲ್ಲಿ 25ರಿಂದ 30 ಮೀಟರ್ ಮೇಲೇರುವ ಇಳಿಜಾರಿನಲ್ಲಿ ಎತ್ತರ ಗಳಿಸಲು ತಗಲುವ ಶಕ್ತಿ ಅತ್ಯಂತ ಕಡಿಮೆ ಎಂದು ಉಸಿರಾಟದ ಅಳತೆಗಳು ಹೇಳುತ್ತವೆ. ಬೆಟ್ಟ ಅದಕ್ಕಿಂತ ಕಡಿದಾದಾಗ ನೇರ ಹತ್ತುವುದು ನಷ್ಟ. ಓರೆಯಾಗಿ ಹೋಗಿ ತಿರುಗಿ ಮತ್ತೆ ಓರೆಯಾಗಿ ಹತ್ತುವುದು ಲಾಭ. ಹಾವಿನಂತೆ ಸುತ್ತುವ ಹಳೆಯ ದಾರಿಗಳನ್ನು ಬಿಡಿಸಿದವರು ಈ ಲೆಕ್ಕವನ್ನು ಕಾಲಿನಲ್ಲೇ ಮಾಡಿದ್ದರು. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಹೇಳಿದ ಸೂತ್ರ ಇಂದಿಗೂ ಚಾರಣಿಗರ ಕೈಪಿಡಿಗಳಲ್ಲಿದೆ: ಸುಮಾರು ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡು ತಾಳಬೆಟ್ಟದಿಂದ ಮಾದಪ್ಪನ ಬೆಟ್ಟ ಹತ್ತುವ ತಾಯಂದಿರಿಗೆ ಈ ಸೂತ್ರ ಸಾಲದು, ಅವರ ಶ್ರಮವನ್ನು ಯಾವ ಸೂತ್ರವೂ ಹಿಡಿದಿಲ್ಲ.

ದಾರಿ ಏರುತ್ತಾ ಹೋದಂತೆ ಕಾಡು ಬದಲಾಗುವುದನ್ನು ನೋಡಲು ಬಿಳಿಗಿರಿ ಸಾಲಿನಂಥ ಜಾಗ ನಮ್ಮ ನಾಡಿನಲ್ಲಿ ಕಡಿಮೆ. ಪಶ್ಚಿಮ ಘಟ್ಟವೂ ಪೂರ್ವ ಘಟ್ಟವೂ ಕೈ ಹಿಡಿಯುವುದು ಇಲ್ಲೇ. ತಪ್ಪಲಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ನೆತ್ತಿಯಲ್ಲಿ 3000 ಮಿಲಿಮೀಟರ್‌ವರೆಗೆ. ಈ ಸಾಲಿನ ಕಟ್ಟರಿಬೆಟ್ಟದ ತುದಿ ಸುಮಾರು 1800 ಮೀಟರ್. ಹಾಗಾಗಿ ಕೆಳಗೆ ಮುಳ್ಳುಪೊದೆ, ಕಗ್ಗಲಿ. ಮೇಲಕ್ಕೆ ಹೋದಂತೆ ದಿಂಡುಗ, ಮತ್ತಿ, ಹೊನ್ನೆ, ನೆಲ್ಲಿ ಇರುವ ಎಲೆಯುದುರುವ ಕಾಡು. ಇನ್ನೂ ಮೇಲೆ ಹುಲ್ಲುಬೆಟ್ಟ, ಅದರ ಮಡಿಲಲ್ಲಿ ನೀರು ಜಿನುಗುವ ಕಣಿವೆಗಳಲ್ಲಿ ಸದಾ ಹಸುರಿನ ಶೋಲ ಕಾಡು. ಸೋಲಿಗರು ಇದನ್ನು ಪುಸ್ತಕ ಓದಿ ಕಲಿತವರಲ್ಲ. ಒಣಕಾಡಿಗೆ ನಾಡುಕಾಡು, ಹಸುರುಕಾಡಿಗೆ ಕಾನುಕಾಡು, ಹುಲ್ಲುಬೆಟ್ಟಕ್ಕೆ ಬೋಳಿ ಎಂದು ಅವರ ಮಾತಿನಲ್ಲೇ ವಿಂಗಡಣೆಯಿದೆ. ಕಾಲಡಿಯ ಬಂಡೆ ಬಹುಮಟ್ಟಿಗೆ ಚಾರ್ನಕೈಟ್. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗೆ ಹತ್ತಾರು ಕಿಲೋಮೀಟರ್ ಆಳದಲ್ಲಿ ಬೆಂದು ಗಟ್ಟಿಯಾದ ಕಲ್ಲು ಈಗ ನಮ್ಮ ಪಾದಕ್ಕೆ ತಾಗುತ್ತದೆ.

ಆ ಕಲ್ಲಿನ ಮೇಲಿನ ಮಣ್ಣು ತೆಳ್ಳಗಿದೆ. ಪಾದ ಬಿದ್ದಲ್ಲಿ ಮಣ್ಣಿನ ಕಣಗಳ ನಡುವಿನ ಗಾಳಿಗೂಡುಗಳು ಕುಸಿದು ಮಣ್ಣು ಬಿಗಿಯುತ್ತದೆ. ಬಿಗಿದ ಮಣ್ಣು ಮಳೆನೀರನ್ನು ಹೀರದು, ನೀರು ದಾರಿಯ ಮೇಲೆಯೇ ಹರಿಯುತ್ತದೆ. ಓರೆಯಾಗಿ ಹೋಗುವ ದಾರಿಯಲ್ಲಿ ಆ ನೀರು ಕೆಲವು ಹೆಜ್ಜೆ ಹರಿದು ಪಕ್ಕದ ಇಳಿಜಾರಿಗೆ ಇಳಿದುಬಿಡುತ್ತದೆ. ಬೆಟ್ಟವನ್ನು ನೇರ ಸೀಳುವ ದಾರಿಯಲ್ಲಿ ಅದಕ್ಕೆ ಹೊರದಾರಿಯೇ ಇಲ್ಲ. ವೇಗ ಕೂಡಿ, ಮಣ್ಣು ಕೊಚ್ಚಿ, ಕೆಲವೇ ಮಳೆಗಾಲಗಳಲ್ಲಿ ದಾರಿ ಕೊರಕಲಾಗುತ್ತದೆ. ತಿರುವು ಸುತ್ತಲು ಬೇಸರಪಟ್ಟು ಅಡ್ಡ ಇಳಿಯುವ ಪ್ರತಿಯೊಬ್ಬರೂ ಇಂಥ ಕೊರಕಲಿಗೆ ಬೀಜ ಬಿತ್ತುತ್ತಾರೆ. ಬೆಟ್ಟದ ದಾರಿಗಳಿಗೆ ನಾವು ಮಾಡುವ ಕೇಡುಗಳಲ್ಲಿ ನನಗೆ ಅತಿ ದೊಡ್ಡದೆನಿಸುವುದು ಇದೇ, ಪ್ಲಾಸ್ಟಿಕ್‌ಗಿಂತಲೂ. ಪ್ಲಾಸ್ಟಿಕ್ಕನ್ನು ಹೆಕ್ಕಬಹುದು, ಹೋದ ಮಣ್ಣನ್ನು ತರಲಾಗದು.

ದಾರಿಯ ಸಾವಿನ ಕತೆ ಲಂಟಾನದ ಕತೆ. ಅಮೆರಿಕ ಖಂಡದ ಉಷ್ಣವಲಯದ ಈ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕಾಗಿ ಕಲ್ಕತ್ತಾದ ಸಸ್ಯೋದ್ಯಾನಕ್ಕೆ ತಂದರು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಬೆಂಗಳೂರಿನ ಏಟ್ರೀ ಸಂಸ್ಥೆಯ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ ಬಿಳಿಗಿರಿ ಕಾಡಿನಲ್ಲಿ ಮಾಡಿದ ಅಧ್ಯಯನದ ಪ್ರಕಾರ 1997ರಿಂದ 2008ರೊಳಗೆ ಲಂಟಾನ ಇರುವ ತುಣುಕುಗಳು ಸುಮಾರು ಎರಡು ಪಟ್ಟಾದವು. ಆಳೆತ್ತರದ ಮುಳ್ಳುಪೊದೆ ಎರಡೂ ಬದಿಯಿಂದ ಕೂಡಿಕೊಂಡರೆ ದಾರಿ ಮುಗಿದಂತೆ. ಅದರೊಳಗೆ ಹುಲ್ಲು ಬೆಳೆಯುವುದಿಲ್ಲ, ಮರದ ಸಸಿ ತಲೆಯೆತ್ತುವುದಿಲ್ಲ, ಹತ್ತಡಿ ದೂರದಲ್ಲಿ ನಿಂತ ಆನೆ ಮನುಷ್ಯನಿಗೆ ಕಾಣುವುದಿಲ್ಲ.

ಲಂಟಾನ ಏಕೆ ಗೆದ್ದಿತು? 2005ರಲ್ಲಿ ಇದೇ ಸಂಶೋಧಕರು ಬೆಂಕಿ ಲಂಟಾನವನ್ನೂ, ಲಂಟಾನ ಬೆಂಕಿಯನ್ನೂ ಬೆಳೆಸುತ್ತದೆ ಎಂಬ ಊಹೆಯನ್ನು ಮುಂದಿಟ್ಟಿದ್ದರು. ಸೋಲಿಗರನ್ನು ಕೇಳಿದಾಗ ಬೇರೆಯದೇ ವಿವರಣೆ ಸಿಕ್ಕಿತು. ಅವರ ಹಿರಿಯರು ಚಳಿ ಮುಗಿಯುತ್ತಿರುವಾಗ, ನೆಲದಲ್ಲಿ ಇನ್ನೂ ಪಸೆ ಇರುವಾಗ ‘ತರಗು ಬೆಂಕಿ’ ಹಾಕುತ್ತಿದ್ದರು. ಒಣ ಎಲೆ, ಹುಲ್ಲನ್ನಷ್ಟೇ ಮೇಯುತ್ತಾ ಹೋಗುವ ತಗ್ಗಿನ ಬೆಂಕಿ ಅದು. ಅದರಿಂದ ದಾರಿ ತೆರೆದಿರುತ್ತಿತ್ತು, ಹೊಸ ಹುಲ್ಲು ಬರುತ್ತಿತ್ತು, ನೆಲ್ಲಿಮರಕ್ಕೆ ಹತ್ತುವ ‘ಉಪ್ಪಿಲು’ ಎಂಬ ಬಂದಳಿಕೆಯೂ ಹತೋಟಿಯಲ್ಲಿತ್ತು ಎಂದು ಅವರು ಹೇಳುತ್ತಾರೆ. 1970ರ ದಶಕದಲ್ಲಿ ವನ್ಯಜೀವಿ ಕಾಯ್ದೆ ಬಂದು, 1974ರಲ್ಲಿ ಇಲ್ಲಿ ಅಭಯಾರಣ್ಯವಾದ ಮೇಲೆ ಆ ಬೆಂಕಿ ನಿಂತಿತು. ಈಗ ಬೆಂಕಿ ಬೀಳುವುದು ಕಡುಬೇಸಿಗೆಯಲ್ಲಿ. ಒಣಗಿದ ಲಂಟಾನದ ಪೊದೆ ಅದನ್ನು ಮರದ ತಲೆಗೆ ಹತ್ತಿಸುತ್ತದೆ, ಸುಟ್ಟ ಮೇಲೆ ಬುಡದಿಂದ ಮೊದಲು ಚಿಗುರುವುದೂ ಲಂಟಾನವೇ. ಬೆಂಕಿ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದೇ ತಪ್ಪು. ಯಾವ ತಿಂಗಳಿನ ಬೆಂಕಿ ಎಂದು ಕೇಳಬೇಕು. ವಿಜ್ಞಾನ ಸೋಲಿಗರ ಈ ಮಾತಿಗೆ ಕಿವಿಗೊಡಲು ತಡಮಾಡಿತು ಎಂದೇ ನನ್ನ ಅಭಿಪ್ರಾಯ.

ಮೆಡಿಟರೇನಿಯನ್ ಸಮುದ್ರದ ಸುತ್ತಲ ಬೆಟ್ಟದ ಹಳ್ಳಿಗಳಲ್ಲೂ ಇಂಥದೇ ನಡೆದಿದೆ. ಸ್ಪೇನಿನ ಮಯೋರ್ಕಾ ದ್ವೀಪದ ಟ್ರಮುಂಟಾನಾ ಬೆಟ್ಟಸಾಲಿನಲ್ಲಿ ಗಾರೆಯಿಲ್ಲದೆ ಕಲ್ಲು ಜೋಡಿಸಿ ಕಟ್ಟಿದ ಹೇಸರಗತ್ತೆ ದಾರಿಗಳು, ಆಲಿವ್ ತೋಟದ ಮೆಟ್ಟಿಲುಗದ್ದೆಗಳು ಶತಮಾನಗಳಷ್ಟು ಹಳೆಯವು. ಆ ಕಡೆಯ ಹಲವು ದೇಶಗಳಲ್ಲಿ ಜನ ಪಟ್ಟಣ ಸೇರಿ ಹಳ್ಳಿಗಳು ಬರಿದಾದ ಮೇಲೆ ಆಡು ಮೇಯುತ್ತಿದ್ದ ಜಾಗದಲ್ಲಿ ಪೊದೆ ಬೆಳೆದು ದಾರಿ ಮುಚ್ಚಿತು, ಬೇಸಿಗೆಯ ಕಾಡ್ಗಿಚ್ಚು ದೊಡ್ಡದಾಯಿತು. 2011ರಲ್ಲಿ ಟ್ರಮುಂಟಾನಾ ವಿಶ್ವಪರಂಪರೆಯ ಪಟ್ಟಿ ಸೇರಿತು. ಕಲ್ಲು ಜೋಡಿಸುವ ಕುಶಲಿಗರನ್ನೇ ಹುಡುಕಿ ತಂದು ಅಲ್ಲಿ ದಾರಿಗಳನ್ನು ಮತ್ತೆ ಎಬ್ಬಿಸುತ್ತಿದ್ದಾರೆ. ಕುಶಲಿಗರು ನಮ್ಮಲ್ಲಿ ಇನ್ನೂ ಇದ್ದಾರೆ ಎಂಬುದೇ ನಮ್ಮ ಭಾಗ್ಯ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ದಾರಿ ಮುಚ್ಚುವ ಆ ಲಂಟಾನದ ಕಡ್ಡಿಯನ್ನೇ ಕುದಿಸಿ, ಬಾಗಿಸಿ, ಕುರ್ಚಿ, ಮೇಜು, ಬುಟ್ಟಿ ಮಾಡುವುದನ್ನು ಕಲಿತು ಎರಡು ದಶಕ ಕಳೆಯಿತು.

ಈ ಸೀಮೆಯ ದಾರಿಗಳ ಮೇಲೆ ಗಡಿಗಳೂ ಬಿದ್ದಿವೆ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1970ರ ದಶಕದಲ್ಲಿ ಟಿಬೆಟಿನ ನಿರಾಶ್ರಿತರು ಬಂದು ಒಡೆಯರಪಾಳ್ಯದ ಬಳಿ ಧೊಂಡೆನ್‌ಲಿಂಗ್ ನೆಲೆ ಕಟ್ಟಿದರು, ಮುಸುಕಿನ ಜೋಳ ಬೆಳೆದರು. ಕಾಡುಗಳ್ಳ ವೀರಪ್ಪನ್ ಇದ್ದ ಕಾಲದಲ್ಲಿ, 2004ರ ಅಕ್ಟೋಬರಿನವರೆಗೆ, ಹೊರಗಿನವರು ಈ ಕಾಡಿನ ದಾರಿ ತುಳಿಯಲು ಅಂಜುತ್ತಿದ್ದರು. 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಮೀಸಲಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕು ಸಿಕ್ಕಿತು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು. 2013ರಲ್ಲಿ ಮಲೆ ಮಹದೇಶ್ವರ ಬೆಟ್ಟದ 906 ಚದರ ಕಿಲೋಮೀಟರ್ ವನ್ಯಧಾಮವಾಯಿತು.

ಆನೆಗಳಿಗೆ ಇವು ಯಾವುದೂ ಗೊತ್ತಿಲ್ಲ. ಬಿಳಿಗಿರಿಯಿಂದ ಮೂಡಣ ಕಾಡಿಗೆ ದಾಟುವ ಅವುಗಳ ಎಡೆಯಾರಹಳ್ಳಿ–ದೊಡ್ಡಸಂಪಿಗೆ ದಾರಿ ಹೊಲ, ಮನೆ, ರಸ್ತೆಗಳ ನಡುವೆ ಕಿರಿದಾಗುತ್ತಾ ಬಂತು. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಮತ್ತು ಜೊತೆ ಸಂಸ್ಥೆಗಳು ಅಲ್ಲಿ ಸುಮಾರು 25 ಎಕರೆ ಖಾಸಗಿ ಜಮೀನನ್ನು ಬೆಲೆ ಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿದವು. ಒಂದು ಕಾಲುದಾರಿ ಉಳಿಯಲಿ ಎಂದು ಹಣ ಕೊಟ್ಟು ನೆಲ ಕೊಂಡದ್ದು ಸಣ್ಣ ಕೆಲಸವಲ್ಲ. ಅಂಥದು ಇನ್ನೂ ನಡೆಯಬೇಕು, ಇಲ್ಲಿನ ರಸ್ತೆಗಳನ್ನು ಇನ್ನಷ್ಟು ಅಗಲ ಮಾಡುವ ಉತ್ಸಾಹ ತಗ್ಗಬೇಕು.

ಈ ಬೆಟ್ಟಗಳಿಗೆ ನಡೆಯಲು ಬರುವವರಿಗೆ ಕೆಲವು ಮಾತು. ಹುಲಿ ಮೀಸಲಿನೊಳಗೆ ಅನುಮತಿಯಿಲ್ಲದೆ ಕಾಲಿಡುವುದು ಅಪರಾಧ. ಇಲಾಖೆ ತೆರೆದಿರುವ ದಾರಿಗಳಿಗೆ ಮುಂಚಿತವಾಗಿ ಅನುಮತಿ ಪಡೆದು ಬನ್ನಿ. ಜೊತೆಗೆ ಸ್ಥಳೀಯ ಸೋಲಿಗ ಮಾರ್ಗದರ್ಶಿಯೊಬ್ಬರನ್ನು ಕರೆದುಕೊಳ್ಳಿ, ಅವರಿಗೆ ಸರಿಯಾದ ಕೂಲಿ ಕೊಡಿ, ಅವರು ನಿಲ್ಲಿ ಎಂದಲ್ಲಿ ನಿಲ್ಲಿ. ನಸುಕಿನಲ್ಲೂ ಮುಸ್ಸಂಜೆಯಲ್ಲೂ ದಾರಿಯನ್ನು ಆನೆಗೆ ಬಿಡಿ. ತಿರುವು ಬಂದಾಗ ಪೂರ್ತಿ ಸುತ್ತಿ ನಡೆಯಿರಿ.